ಕಣ್ಣು ಕಲಿಯುವುದೋ, ಕಿವಿ ಕಲಿಯುವುದೋ?

ಮನೆಯಲ್ಲಿ ಓದುವ ಮಕ್ಕಳಿದ್ದರೆ ಇಂಥದೊಂದು ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ: “ನಮ್ಮ ಹುಡುಗನಿಗೆ ಕೇಳಿದ್ದು ತಲೆಗೆ ಹತ್ತುವುದಿಲ್ಲ, ಕಣ್ಣಾರೆ ನೋಡಿದರೆ ಮಾತ್ರ ಹತ್ತುತ್ತದೆ.” ಪಕ್ಕದ ಮನೆಯವರು ತಮ್ಮ ಮಗಳ ವಿಷಯದಲ್ಲಿ ಇದಕ್ಕೆ ತಿರುಗುಮುರುಗಾಗಿ ಹೇಳುತ್ತಾರೆ. ಈಚೆಗೆ ಇಂಥ ಮಾತಿಗೆ ಒಂದು ಪ್ರಮಾಣಪತ್ರವೂ ದೊರೆಯುವಂತಾಗಿದೆ. ಅಂತರಜಾಲದಲ್ಲಿ ಹತ್ತೋ ಹದಿನೈದೋ ಪ್ರಶ್ನೆಗಳಿಗೆ ಗುರುತು ಹಾಕಿದರೆ ಸಾಕು, ನೀವು ಕಣ್ಣಿನ ಜಾತಿಯವರೋ, ಕಿವಿಯ ಜಾತಿಯವರೋ, ಕೈಯ ಜಾತಿಯವರೋ ಎಂಬುದು ಕ್ಷಣದಲ್ಲಿ ತೀರ್ಮಾನವಾಗುತ್ತದೆ. ಮನೆಯಲ್ಲೇ ಕುಳಿತು ಆನ್‌ಲೈನ್ ಪಾಠ ಓದುವವರು ಆ ತೀರ್ಮಾನಕ್ಕೆ ತಕ್ಕಂತೆ ಪಾಠವನ್ನು ಆರಿಸಿಕೊಳ್ಳಬೇಕೆಂಬ ಉಪದೇಶವೂ ಅದರ ಜೊತೆಗೇ ಬರುತ್ತದೆ.

ಉಪದೇಶವೇನೋ ಹಿತವಾಗಿದೆ. ಆದರೆ ಅದನ್ನು ನಂಬಿ ನಡೆದರೆ ಏನಾದೀತೆಂದು ಸ್ವಲ್ಪ ಯೋಚಿಸಿ. ಹತ್ತು ವರ್ಷದ ಹುಡುಗನೊಬ್ಬನಿಗೆ “ನೀನು ಕಿವಿಯಿಂದ ಕಲಿಯುವವನಲ್ಲ” ಎಂದು ಹೇಳಿಬಿಟ್ಟರೆ, ಅವನ ಪಾಲಿಗೆ ಭಾಷಣ, ಹರಿಕಥೆ, ಸಂಗೀತ, ತರಗತಿಯ ವಿವರಣೆ ಎಲ್ಲವೂ ಬಾಗಿಲು ಮುಚ್ಚಿದ ಮನೆಗಳಾಗುತ್ತವೆ. ಬಾನುಲಿಯನ್ನು ಇಟ್ಟುಕೊಂಡಿರುವ ನಿಮ್ಮಲ್ಲಿ ಅರ್ಧ ಜನ ಅದನ್ನು ಕೇಳುವುದೇ ವ್ಯರ್ಥವೆಂದೂ ಆಗುತ್ತದೆ! ಇಷ್ಟು ದೂರ ಹೋಗುವ ಮಾತು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ವಿಚಾರಿಸುವುದು ಒಳ್ಳೆಯದು.

ಹುಟ್ಟಿದ ಸ್ಥಳ ಪಾಠಶಾಲೆಯಲ್ಲ. ಇಂಗ್ಲೆಂಡಿನ ಊಟದ ಮೇಜು. ಡಾರ್ವಿನ್ನನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ತನಗೆ ಪರಿಚಿತರಾದ ಹಲವರಿಗೆ ಒಂದು ವಿಚಿತ್ರವಾದ ಪ್ರಶ್ನಾವಳಿಯನ್ನು ಕಳುಹಿಸಿದ. ಈ ದಿನ ಬೆಳಗ್ಗೆ ತಿಂಡಿಗೆ ಕುಳಿತ ಮೇಜನ್ನು ಮನಸ್ಸಿಗೆ ತಂದುಕೊಳ್ಳಿ. ಅದು ಸ್ಪಷ್ಟವಾಗಿ ಕಾಣುತ್ತದೆಯೇ, ಮಸುಕಾಗಿದೆಯೇ, ಬಣ್ಣಗಳು ಕಾಣುತ್ತವೆಯೇ ಎಂದು ಕೇಳಿದ. 1880ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಕೆಲವರಿಗೆ ಮೇಜು, ಬಟ್ಟಲು, ಬಟ್ಟಲಿನ ಅಂಚಿನ ಬಣ್ಣ ಎಲ್ಲವೂ ಕಣ್ಣೆದುರಿಗಿದ್ದಂತೆ ಕಾಣುತ್ತಿದ್ದುವು. ದೊಡ್ಡ ದೊಡ್ಡ ವಿಜ್ಞಾನಿಗಳೇ ಹಲವರು ತಮಗೆ ಏನೂ ಕಾಣುವುದಿಲ್ಲವೆಂದರು. ‘ಮನಸ್ಸಿನ ಕಣ್ಣು’ ಎಂಬುದು ಬರಿಯ ಮಾತಿನ ಅಲಂಕಾರವೆಂದೇ ಅವರು ಆವರೆಗೂ ತಿಳಿದಿದ್ದರು.

ಅದೇ ದಶಕದಲ್ಲಿ ಪ್ಯಾರಿಸ್ಸಿನ ಪ್ರಖ್ಯಾತ ವೈದ್ಯ ಶಾರ್ಕೊ ಎಂಬಾತ ಇನ್ನೊಂದು ಸಂಗತಿಯನ್ನು ಜಗತ್ತಿನ ಮುಂದಿಟ್ಟ. ವ್ಯಾಪಾರಿಯೊಬ್ಬ ತಾನು ಓದಿದ್ದನ್ನೂ ನೋಡಿದ್ದನ್ನೂ ಚಿತ್ರದಂತೆ ನೆನಪಿಟ್ಟುಕೊಳ್ಳುತ್ತಿದ್ದವನು, ಇದ್ದಕ್ಕಿದ್ದಂತೆ ಆ ಶಕ್ತಿಯನ್ನು ಕಳೆದುಕೊಂಡ. ಅನಂತರ ಅವನು ಏನನ್ನಾದರೂ ನೆನಪಿನಲ್ಲಿಡಬೇಕಾದರೆ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗುತ್ತಿತ್ತು. ಮನುಷ್ಯರಲ್ಲಿ ಕಣ್ಣಿನವರು, ಕಿವಿಯವರು, ಚಲನೆಯವರು ಎಂಬ ಪಂಗಡಗಳಿವೆ ಎಂಬ ಮಾತು ಇಂಥ ರೋಗಿಗಳ ವೃತ್ತಾಂತಗಳಿಂದ ಬಲಗೊಂಡಿತು. ಗಮನಿಸಿ: ಗಾಲ್ಟನ್ನನಾಗಲಿ ಶಾರ್ಕೊ ಆಗಲಿ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ಪರೀಕ್ಷಿಸುತ್ತಿರಲಿಲ್ಲ. ಒಬ್ಬ ಬೆಳೆದವರ ನೆನಪಿನ ಸ್ವರೂಪವನ್ನು ವಿಚಾರಿಸಿದ. ಇನ್ನೊಬ್ಬ ರೋಗವನ್ನು ವರ್ಣಿಸಿದ.

ಪಾಠ ಹೇಳುವವರು ಆವರೆಗೆ ಏನು ಮಾಡುತ್ತಿದ್ದರು? ನಮ್ಮ ಹಳೆಯ ಕೂಲಿಮಠಗಳನ್ನೇ ನೆನೆಯೋಣ. ಐಗಳು ಅಕ್ಷರವನ್ನು ಬಾಯಲ್ಲಿ ಹೇಳುವರು, ಹುಡುಗ ಅದನ್ನು ಕೂಗಿ ಹೇಳುತ್ತ ಮರಳಿನ ಮೇಲೆ ಬೆರಳಿನಿಂದ ತಿದ್ದುವನು, ಬರೆದುದನ್ನು ಕಣ್ಣಿನಿಂದ ನೋಡುವನು. ಮಗ್ಗಿಯನ್ನು ಸಂಜೆ ಎಲ್ಲರೂ ಒಟ್ಟಾಗಿ ಒಪ್ಪಿಸುವರು. ಅಲ್ಲಿ ಕಣ್ಣಿನ ಹುಡುಗ, ಕಿವಿಯ ಹುಡುಗ ಎಂಬ ಭೇದವಿರಲಿಲ್ಲ. ಒಂದೇ ಅಕ್ಷರಕ್ಕೆ ಕಣ್ಣು, ಕಿವಿ, ಬಾಯಿ, ಬೆರಳು ನಾಲ್ಕೂ ದುಡಿಯುತ್ತಿದ್ದುವು. (ಬೆತ್ತವೂ ದುಡಿಯುತ್ತಿತ್ತು, ಅದನ್ನು ಹೊಗಳುವ ಕಾರಣವಿಲ್ಲ.) ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಮೆಚ್ಚಿ, ತನ್ನ ಶಾಲೆಯಲ್ಲಿ ಅದನ್ನೇ ಬಳಕೆಗೆ ತಂದ, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಅವನ ‘ಮದರಾಸು ಪದ್ಧತಿ’ ಇಂಗ್ಲೆಂಡಿನ ಶಾಲೆಗಳವರೆಗೂ ಹೋಯಿತು. 1907ರಲ್ಲಿ ರೋಮಿನ ಬಡ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮಕ್ಕಳಿಂದ ಸವರಿಸಿ, ಸವರುವಾಗಲೇ ಅದರ ಉಚ್ಚಾರವನ್ನು ಹೇಳಿಸಿದರು. ನಮ್ಮ ಮರಳಿಗೂ ಅವರ ಉಪ್ಪುಕಾಗದಕ್ಕೂ ಬಹಳ ದೂರವಿಲ್ಲ.

ಈಗ ಗುರುವೂ ಶಿಷ್ಯನೂ ಒಂದೇ ಜಗಲಿಯ ಮೇಲೆ ಕೂರದೆ ನಡೆಯುವ ಪಾಠದ ಕಥೆಗೆ ಬರೋಣ. ಆನ್‌ಲೈನ್ ಪಾಠದ ಮುತ್ತಜ್ಜ ಅಂಚೆಯ ಪಾಠ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಎಲ್ಲಿಗೆ ಬೇಕಾದರೂ ಕಾಗದ ಹೋಗುವ ಏರ್ಪಾಡಾಯಿತು. ಐಸಾಕ್ ಪಿಟ್‌ಮನ್ ಈ ಅವಕಾಶವನ್ನು ಬಿಡಲಿಲ್ಲ. ತಾನು ಕಂಡುಹಿಡಿದ ಶೀಘ್ರಲಿಪಿಯ ಪಾಠವನ್ನು ಚೀಟಿಗಳಲ್ಲಿ ಬರೆದು ದೂರದ ಶಿಷ್ಯರಿಗೆ ಕಳುಹಿಸಿದ. ಶಿಷ್ಯರು ಅಭ್ಯಾಸವನ್ನು ಬರೆದು ಹಿಂದಿರುಗಿಸಬೇಕು, ಅದು ತಿದ್ದಿಸಿಕೊಂಡು ಮತ್ತೆ ಅವರ ಕೈಸೇರಬೇಕು. ಈ ಏರ್ಪಾಡಿನ ಜೀವಾಳ ಹೋಗುವ ಚೀಟಿಯಲ್ಲ, ಮರಳಿ ಬರುವ ಚೀಟಿ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಲಂಡನ್ ವಿಶ್ವವಿದ್ಯಾನಿಲಯ 1858ರಿಂದ ಹೊರಗಿನ ಅಭ್ಯರ್ಥಿಗಳಿಗೂ ಪದವಿಯ ಪರೀಕ್ಷೆಯನ್ನು ತೆರೆಯಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಮೊದಲಾದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಕಚೇರಿಯ ಕೆಲಸ ಮುಗಿಸಿ ರಾತ್ರಿ ದೀಪದ ಮುಂದೆ ಪಾಠದ ಕಟ್ಟು ಬಿಚ್ಚಿದ ಗುಮಾಸ್ತರು ನಮ್ಮ ನಾಡಿನಲ್ಲಿ ಎಷ್ಟು ಮಂದಿಯೋ!

ಇನ್ನು ಬಾನುಲಿ. ಮೈಸೂರಿನಲ್ಲಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಸ್ವಂತ ಮನೆಯಿಂದ ಬಾನುಲಿ ಪ್ರಸಾರ ಮಾಡಿ ‘ಆಕಾಶವಾಣಿ’ಗೆ ನಾಂದಿ ಹಾಡಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರಲ್ಲ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ನರ ಬಳಿ ಲಂಡನ್ನಿನಲ್ಲಿ ಅಭ್ಯಾಸ ಮಾಡಿ ಬಂದವರು. ಮನಸ್ಸು ಹೇಗೆ ಕೆಲಸ ಮಾಡುತ್ತದೆಂದು ಓದಿದವರೇ ಕಿವಿಯೊಂದನ್ನೇ ನಂಬಿದ ಸಾಧನವನ್ನು ಊರಿಗೆ ತಂದುಕೊಟ್ಟರೆಂಬುದು ನನಗಂತೂ ಬಹಳ ಸಂತೋಷದ ಸಂಗತಿ.

ಕೇಳಿದ ಮಾತ್ರಕ್ಕೆ ಜನ ಕಲಿಯುತ್ತಾರೆಯೇ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಒಂದು ಸೊಗಸಾದ ಪ್ರಯೋಗ ನಡೆಯಿತು. 1956ರಲ್ಲಿ ಯುನೆಸ್ಕೋದ ನೆರವಿನಿಂದ ಆಕಾಶವಾಣಿಯವರು ಪುಣೆಯ ಸುತ್ತಮುತ್ತ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರ ಕೂಟಗಳನ್ನು ಏರ್ಪಡಿಸಿದರು. ಹತ್ತು ವಾರಗಳ ಕಾಲ, ವಾರಕ್ಕೆರಡು ಸಲ, ಮರಾಠಿಯಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ. ಕಾರ್ಯಕ್ರಮ ಮುಗಿದೊಡನೆ ಎದ್ದು ಹೋಗುವಂತಿಲ್ಲ. ಕೇಳಿದುದನ್ನು ಕೂಟದವರು ಚರ್ಚಿಸಬೇಕು, ಸಂದೇಹಗಳಿದ್ದರೆ ಬರೆದು ಕೇಂದ್ರಕ್ಕೆ ಕಳುಹಿಸಬೇಕು. ಬಾನುಲಿ ಇದ್ದು ಕೂಟವಿಲ್ಲದ ಹಳ್ಳಿಗಳನ್ನೂ ಬಾನುಲಿಯೇ ಇಲ್ಲದ ಹಳ್ಳಿಗಳನ್ನೂ ಹೋಲಿಕೆಗಾಗಿ ಆರಿಸಿಕೊಂಡರು. ಮೊದಲೂ ಕೊನೆಗೂ ಪ್ರಶ್ನೆ ಕೇಳಿ ನೋಡಿದಾಗ, ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಹೆಚ್ಚಿತ್ತು. ಬರಿಯ ಬಾನುಲಿಯ ಹಳ್ಳಿಗಳಲ್ಲಿ ಅಷ್ಟು ಹೆಚ್ಚಿರಲಿಲ್ಲ. ಕಿವಿಗಳು ಎರಡು ಕಡೆಯೂ ಅವೇ. ಕೇಳಿದ ಮೇಲೆ ಜನ ಮಾಡಿದ ಕೆಲಸ ಬೇರೆಯಾಗಿತ್ತು.

1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ಬಂದುವು. ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕಿವಿಯ ಜೊತೆಗೆ ಕಣ್ಣೂ ಸೇರಿತು.

ಕಣ್ಣು-ಕಿವಿಗಳ ಹಳೆಯ ವಿಂಗಡಣೆ ಮತ್ತೆ ತಲೆಯೆತ್ತಿದ್ದು ಸುಮಾರು ಇದೇ ಕಾಲದಲ್ಲಿ, ಆದರೆ ಪಾಶ್ಚಾತ್ಯ ದೇಶಗಳ ಶಾಲೆಗಳಲ್ಲಿ. ಈಗ ಅದು ರೋಗಿಯ ವರ್ಣನೆಯಾಗಿ ಉಳಿಯಲಿಲ್ಲ, ಬೋಧನೆಯ ಸಿದ್ಧಾಂತವಾಯಿತು. ಅಮೆರಿಕದ ಡೇವಿಡ್ ಕೋಲ್ಬ್ 1984ರ ತನ್ನ ಗ್ರಂಥದಲ್ಲಿ ಅನುಭವದಿಂದ ಕಲಿಯುವವರಲ್ಲಿ ನಾಲ್ಕು ಬಗೆಯನ್ನು ಗುರುತಿಸಿದ. ನ್ಯೂಜಿಲೆಂಡಿನಲ್ಲಿ ಶಾಲಾ ಇನ್ಸ್‌ಪೆಕ್ಟರಾಗಿ ಅಸಂಖ್ಯಾತ ತರಗತಿಗಳಲ್ಲಿ ಕುಳಿತು ನೋಡಿದ್ದ ನೀಲ್ ಫ್ಲೆಮಿಂಗ್ ಎಂಬವರು, ಒಳ್ಳೆಯ ಉಪಾಧ್ಯಾಯರ ಪಾಠವೂ ಕೆಲವರಿಗೆ ಹತ್ತದಿರುವುದೇಕೆ ಎಂದು ಯೋಚಿಸಿ, ನೋಟ, ಶ್ರವಣ, ಓದುಬರಹ, ಕ್ರಿಯೆ ಎಂದು ನಾಲ್ಕು ಒಲವುಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. 1992ರಲ್ಲಿ ಕಾಲೀನ್ ಮಿಲ್ಸ್ ಅವರೊಡನೆ ಅವರು ಬರೆದ ಲೇಖನದ ತಲೆಬರಹವೇ ಇದು ಇನ್ನೊಂದು ಅಳತೆಗೋಲಲ್ಲ, ಯೋಚನೆಯನ್ನು ಕೆಣಕುವ ಸಾಧನ ಎಂಬ ಅರ್ಥದ್ದು. ಕರ್ತೃವಿನ ಈ ಎಚ್ಚರಿಕೆಯನ್ನು ಕೇಳುವ ತಾಳ್ಮೆ ಜನಕ್ಕಿರಲಿಲ್ಲ. ಪ್ರಶ್ನಾವಳಿ ಜಾತಕವಾಯಿತು. 2012ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ, ಮಗುವಿನ ಒಲವಿಗೆ ಹೊಂದಿಸಿ ಪಾಠ ಹೇಳಿದರೆ ಹೆಚ್ಚು ಕಲಿಯುತ್ತದೆಂದು ಇಂಗ್ಲೆಂಡಿನ ಉಪಾಧ್ಯಾಯರಲ್ಲಿ ನೂರಕ್ಕೆ 93 ಮಂದಿಯೂ ಹಾಲೆಂಡಿನಲ್ಲಿ 96 ಮಂದಿಯೂ ನಂಬಿದ್ದುದು ಕಂಡುಬಂತು.

ನಂಬಿಕೆ ಇಷ್ಟು ಬಲವಾಗಿದ್ದರೂ ಪರೀಕ್ಷೆ ಬೇಡವೇ? 2004ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಎಣಿಸಿ ನೋಡಿದಾಗ ಇಂಥ ವಿಂಗಡಣೆಗಳೇ 71 ಬಗೆಯವು ಸಿಕ್ಕುವು! ಒಂದೊಂದೂ ಮನುಷ್ಯನನ್ನು ಬೇರೆ ಬೇರೆ ರೀತಿಯಲ್ಲಿ ಹೋಳು ಮಾಡುತ್ತಿತ್ತು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು ನ್ಯಾಯವಾದ ಪರೀಕ್ಷೆ ಹೇಗಿರಬೇಕೆಂದು ವಿವರಿಸಿದರು. ಅವರ ತರ್ಕ ನೀವೇ ಮನೆಯಲ್ಲಿ ತೂಗಿ ನೋಡುವಷ್ಟು ಸರಳವಾಗಿದೆ. ನೂರು ಜನ ವಿದ್ಯಾರ್ಥಿಗಳಿದ್ದಾರೆನ್ನಿ. ಐವತ್ತು ಮಂದಿ ಕಣ್ಣಿನವರು, ಐವತ್ತು ಮಂದಿ ಕಿವಿಯವರು. ಎರಡು ಪಂಗಡಗಳಲ್ಲಿಯೂ ಚೀಟಿ ಎತ್ತಿ ಅರ್ಧ ಜನಕ್ಕೆ ಚಿತ್ರದ ಪಾಠ, ಉಳಿದರ್ಧ ಜನಕ್ಕೆ ಮಾತಿನ ಪಾಠ ಕೊಡಬೇಕು. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆ. ಸಿದ್ಧಾಂತ ನಿಜವಾದರೆ ಕಣ್ಣಿನವರು ಚಿತ್ರದ ಪಾಠದಲ್ಲಿಯೂ ಕಿವಿಯವರು ಮಾತಿನ ಪಾಠದಲ್ಲಿಯೂ ಮೇಲುಗೈ ಪಡೆಯಬೇಕು. ಎಲ್ಲರೂ ಚಿತ್ರದಿಂದಲೇ ಹೆಚ್ಚು ಕಲಿತರೆ, ಆ ಪಾಠಕ್ಕೆ ಚಿತ್ರ ಒಳ್ಳೆಯದೆಂದಾಯಿತೇ ಹೊರತು ಜಾತಿಯ ಮಾತು ನಿಲ್ಲಲಿಲ್ಲ. ಹಿಂದಿನ ಸಂಶೋಧನೆಗಳಲ್ಲಿ ಹೀಗೆ ಕ್ರಮವಾಗಿ ನಡೆಸಿದವು ಬಹಳ ಕಡಿಮೆ. ನಡೆಸಿದವುಗಳಲ್ಲಿ ಹಲವು ಸಿದ್ಧಾಂತಕ್ಕೆ ವಿರುದ್ಧವಾಗಿಯೇ ನುಡಿದುವು.

2015ರಲ್ಲಿ ಬೆತ್ ರೊಗೋವ್‌ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವಂತೂ ಬಾನುಲಿ ಕೇಳುವವರಿಗಾಗಿಯೇ ಮಾಡಿದಂತಿದೆ. ಬೆಳೆದ ವಿದ್ಯಾವಂತರಿಗೆ ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಓದಿ ಕೇಳಿಸಿದರು, ಕೆಲವರಿಗೆ ಪರದೆಯ ಮೇಲೆ ಓದಲು ಕೊಟ್ಟರು. ಒಡನೆಯೇ ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿದರು. ತಮಗೆ ಕೇಳುವುದು ಇಷ್ಟವೆಂದವರು ಕೇಳಿ ಹೆಚ್ಚು ಕಲಿಯಲಿಲ್ಲ, ಓದುವುದು ಇಷ್ಟವೆಂದವರು ಓದಿ ಹೆಚ್ಚು ಕಲಿಯಲಿಲ್ಲ. ಇಷ್ಟವೆಂಬುದು ನಿಜ, ಆದರೆ ಇಷ್ಟವೇ ಕಲಿಕೆಯಲ್ಲ. ಹಾಗಲಕಾಯಿ ಇಷ್ಟವಿಲ್ಲದವನ ಹೊಟ್ಟೆಯೂ ಹಾಗಲಕಾಯಿಯನ್ನು ಅರಗಿಸಿಕೊಳ್ಳುತ್ತದೆ.

ಹಾಗೆಂದು ಎಲ್ಲ ಮಕ್ಕಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಣ್ಣು ಕಾಣದ ಮಗುವಿಗೆ ಕಿವಿಯೂ ಬೆರಳೂ ಬೇಕೇ ಬೇಕು. ಅದು ಒಲವಿನ ಮಾತಲ್ಲ, ಅವಶ್ಯಕತೆ. ಮೊದಲೇ ತಿಳಿದವನಿಗೂ ಹೊಸಬನಿಗೂ ಒಂದೇ ಪಾಠ ಒಗ್ಗುವುದಿಲ್ಲ. ಒಬ್ಬರ ವೇಗ ಇನ್ನೊಬ್ಬರದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊದಲಾದ ‘ನಲಿ-ಕಲಿ’ ಈ ವೇಗದ ಭೇದವನ್ನೇ ಹಿಡಿದು, ಒಂದೊಂದು ಮಗುವೂ ತನ್ನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತುವಂತೆ ಪಾಠವನ್ನು ಜೋಡಿಸಿತು. ಇಂದ್ರಿಯದ ಆಯ್ಕೆಯನ್ನು ಮಾತ್ರ ಹುಡುಗನ ಜಾತಿ ನಿಶ್ಚಯಿಸುವುದಿಲ್ಲ, ಪಾಠದ ವಸ್ತು ನಿಶ್ಚಯಿಸುತ್ತದೆ. ಕಾವೇರಿ ಹರಿಯುವ ದಾರಿಯನ್ನು ನಕ್ಷೆಯಲ್ಲಿ ನೋಡಬೇಕು. ಮೋಹನಕ್ಕೂ ಹಂಸಧ್ವನಿಗೂ ಇರುವ ಭೇದವನ್ನು ಕೇಳಬೇಕು. ಹೂ ಕಟ್ಟುವುದನ್ನು ಕಟ್ಟಿಯೇ ಕಲಿಯಬೇಕು. ನೀವು ಯಾವ ಜಾತಿಯವರಾದರೂ ಸರಿಯೇ.

ಹಾಗಾದರೆ ದೂರದಿಂದ ಕಲಿಯುವವನಿಗೆ ನಿಜವಾಗಿ ಕೈಗೂಡುವುದೇನು? ಪಿಟ್‌ಮನ್ನನ ಮರಳಿ ಬರುವ ಚೀಟಿಯೂ ಪುಣೆಯ ಕೂಟವೂ ಸೂಚಿಸಿದ್ದನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅಂಕಿಗಳಲ್ಲಿ ತೋರಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಮೂರು ಅವಧಿ ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಅನಂತರ ಕೇಳಿದಾಗ ಬರಿಯ ಓದಿದವರಿಗೆ ನೂರಕ್ಕೆ 83 ಭಾಗ ನೆನಪಿತ್ತು, ಬರೆದವರಿಗೆ 71. ಒಂದು ವಾರ ಕಳೆದ ಮೇಲೆ ಬರಿಯ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿದ್ದರು. ಒಪ್ಪಿಸುವುದೆಂದರೆ ಗಿಳಿಪಾಠವೆಂದು ನಾವು ಹೀಗಳೆದ ಹಳೆಯ ಪದ್ಧತಿಯಲ್ಲಿ ಅಷ್ಟು ಹುರುಳಿತ್ತು.

ಅಂತರಜಾಲದ ಪಾಠಗಳ ಅನುಭವವೂ ಇದಕ್ಕೆ ಹೊರತಲ್ಲ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಿಂದ ಕೃತಕ ಬುದ್ಧಿಮತ್ತೆಯ ಪಾಠ ಉಚಿತವಾಗಿ ಪ್ರಸಾರವಾದಾಗ ಸುಮಾರು 1,60,000 ಜನ ಹೆಸರು ಕೊಟ್ಟರು. ಕೊನೆ ಮುಟ್ಟಿದವರು 20,000ಕ್ಕಿಂತ ಸ್ವಲ್ಪ ಹೆಚ್ಚು. ಎಡೆಕ್ಸ್ ಎಂಬ ದೊಡ್ಡ ಸಂಸ್ಥೆಯ ಪಾಠಗಳಲ್ಲಿ 2017-18ರಲ್ಲಿ ಪೂರೈಸಿದವರು ನೂರಕ್ಕೆ ಮೂವರಷ್ಟೇ. ಅದೇ ಸಂಸ್ಥೆಯ ವಿಡಿಯೋಗಳನ್ನು ಕುರಿತು 2014ರಲ್ಲಿ ನಡೆದ ಪರಿಶೀಲನೆಯಲ್ಲಿ, ವಿಡಿಯೋ ಎಷ್ಟೇ ಉದ್ದವಿದ್ದರೂ ನೋಡುವವರ ಗಮನ ಹೆಚ್ಚೆಂದರೆ ಆರು ನಿಮಿಷ ನಿಲ್ಲುತ್ತದೆಂದು ತಿಳಿಯಿತು. ಅಲ್ಲಿ ಚಿತ್ರವೂ ಇತ್ತು, ಮಾತೂ ಇತ್ತು, ಬರಹವೂ ಇತ್ತು. ನಮ್ಮ ದೇಶದ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2003ರಿಂದ ನಡೆಸಿಕೊಂಡು ಬಂದ ಎನ್‌ಪಿಟಿಇಎಲ್ ಪಾಠಗಳಲ್ಲಿ ಮುಂದೆ ವಾರವಾರದ ಅಭ್ಯಾಸಪತ್ರವನ್ನೂ ಎದುರಿಗೆ ಕೂರಿಸಿ ಬರೆಸುವ ಪರೀಕ್ಷೆಯನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಇದೆಲ್ಲ ನಮ್ಮ ಮನೆಯ ಬಾಗಿಲಿಗೇ ಬಂತು. ದೂರದರ್ಶನದ ಚಂದನದಲ್ಲಿ ಪಾಠ, ಮೊಬೈಲಿನಲ್ಲಿ ಪಾಠ. ಮೊಬೈಲಿಲ್ಲದ ಮಕ್ಕಳ ಗತಿಯೇನು? ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆಯಂತೆ ಉಪಾಧ್ಯಾಯರೇ ಮಕ್ಕಳಿದ್ದ ಕೇರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಕೆಲವೇ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಡೆದಷ್ಟು ದಿನ ಮಗುವಿನ ಪಾಟಿಯನ್ನು ನೋಡಿ ತಿದ್ದುವವರೊಬ್ಬರು ಎದುರಿಗಿದ್ದರು. ಮೊಬೈಲಿನ ಪರದೆ ಆ ಕೆಲಸವನ್ನು ತಾನಾಗಿ ಮಾಡುವುದಿಲ್ಲ.

ನಿಮ್ಮ ಮನೆಯಲ್ಲಿ ಅದನ್ನು ಮಾಡುವುದು ಕಷ್ಟವೇನಲ್ಲ. ಪಾಠ ಆರು ನಿಮಿಷ ನಡೆದೊಡನೆ ನಿಲ್ಲಿಸಿ, ಕೇಳಿದುದನ್ನು ಅಜ್ಜಿಗೋ ತಮ್ಮನಿಗೋ ಹೇಳಲು ಮಗುವಿಗೆ ತಿಳಿಸಿ. ಅಜ್ಜಿಗೆ ಅರ್ಥವಾಗದೆ ಎರಡು ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು. ತಡವರಿಸಿದ ಜಾಗವನ್ನು ಕಾಗದದ ಅಂಚಿನಲ್ಲಿ ಗುರುತು ಹಾಕಿಕೊಂಡು ಅಷ್ಟನ್ನು ಮಾತ್ರ ಮತ್ತೆ ನೋಡಲಿ. ಬೇಕೆಂದಾಗ ಹಿಂದಕ್ಕೆ ತಿರುಗಿಸುವ ಅನುಕೂಲ ಬಾನುಲಿಯ ಹಳೆಯ ಶ್ರೋತೃಗಳಿಗೆ ಇರಲಿಲ್ಲ, ಇವರಿಗಿದೆ. ಚಿತ್ರವಿದ್ದರೆ ಪುಸ್ತಕ ಮುಚ್ಚಿ ಒಮ್ಮೆ ಬರೆಯಲಿ. ಮೂರು ದಿನ ಬಿಟ್ಟು ಅದೇ ಪಾಠವನ್ನು ಏನನ್ನೂ ನೋಡದೆ ಮತ್ತೊಮ್ಮೆ ಹೇಳಲಿ, ಮುಂದಿನ ಭಾನುವಾರ ಇನ್ನೊಮ್ಮೆ.